ಗುಳಿಗಿ ತಗೊಂಡೀಯೇನು?

ಶಿವದೇವಿಗೆ ಸಿಟ್ಟು ಮಾಡಿಕೊಳ್ಳುವ ಹಕ್ಕು ಹೋಗಿ ಒಂದು ವರ್ಷವಾಗಿತ್ತು. ಯಾರೂ ಹಾಗೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಹಾಲಿನವನು ನೀರು ಬೆರೆಸಿ ತಂದದ್ದಕ್ಕೆ ಅವಳು ದನಿ ಏರಿಸಿದರೆ ಗಂಡ ವಿಜಯಕುಮಾರ ಪೇಪರಿನಿಂದ ತಲೆಯೆತ್ತಿ, "ಗುಳಿಗಿ ತಗೊಂಡೀಯೇನು?" ಎನ್ನುತ್ತಿದ್ದ. ಮೇಲಿನ ಮನೆಯವರು ನೀರಿನ ಟ್ಯಾಂಕು ತುಂಬಿ ಹರಿಯಲು ಬಿಟ್ಟು, ಇವರು ಒಣಹಾಕಿದ್ದ ಬಟ್ಟೆಯನ್ನೆಲ್ಲ ತೋಯಿಸಿದರೆಂದು ಅವಳು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರೆ, ಅತ್ತೆ ಗದಿಗೆಮ್ಮ ಓಡಿ ಬಂದು ಕೈ ಹಿಡಿದು, "ಗುಳಿಗಿ ತಗೊಂಡೀಯೇನವಾ?" ಎನ್ನುತ್ತಿದ್ದಳು. ಹಾಲಿಗೆ ನೀರು ಬಿದ್ದದ್ದು ನಿಜ, ಬಟ್ಟೆ ತೋಯ್ದದ್ದೂ ನಿಜ. ಆದರೆ ಆ ಮನೆಯಲ್ಲಿ ಉಳಿದವರಿಗೆಲ್ಲ ಸಿಟ್ಟು ಕಾರಣದಿಂದ ಬರುತ್ತಿತ್ತು, ಶಿವದೇವಿಗೆ ಮಾತ್ರ ಕಾಯಿಲೆಯಿಂದ ಬರುತ್ತಿತ್ತು.

ಕಾಯಿಲೆ ಇದ್ದದ್ದೇನೂ ಸುಳ್ಳಲ್ಲ. ಅದರ ಹೆಸರು ಬೈಪೋಲಾರ್ ಎಂದು ಡಾಕ್ಟರಮ್ಮ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಮನಸ್ಸು ಕೆಲವು ವಾರ ನೆಲಕ್ಕೆ ಕಾಲೂರದಷ್ಟು ಮೇಲೇರುತ್ತದೆ, ಆಮೇಲೆ ತಿಂಗಳುಗಟ್ಟಲೆ ಹಾಸಿಗೆಯಿಂದ ಏಳಲಾರದಷ್ಟು ಕೆಳಗಿಳಿಯುತ್ತದೆ. ಏರುವುದಕ್ಕೆ ಮೊದಲು ನಿದ್ದೆ ಕೈಕೊಡುತ್ತದೆ. ಅಥವಾ ನಿದ್ದೆ ಕೈಕೊಟ್ಟದ್ದರಿಂದಲೇ ಏರುತ್ತದೆ. ಲಿಥಿಯಂ ಗುಳಿಗೆಯನ್ನು ಒಂದು ದಿನವೂ ತಪ್ಪಿಸಬೇಡ, ನಿದ್ದೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಿ, ಇವೆರಡು ನಿನ್ನ ಕೆಲಸ ಎಂದಿದ್ದರು ಡಾಕ್ಟರಮ್ಮ.

ಶಿವದೇವಿ ಹಲ್ಲು ಕಚ್ಚಿಕೊಂಡು ಆ ಕೆಲಸ ಮಾಡಿದಳು. ಸಂಜೆಯ ಚಹಾ ಬಿಟ್ಟಳು. ಹೈದರಾಬಾದಿನ ಕೋಠಿಯಲ್ಲಿ ತಾನು ಕೆಲಸ ಮಾಡುವ ಬಟ್ಟೆಯಂಗಡಿಯಿಂದ ಬಸ್ಸಿನಲ್ಲಿ ಜೋತು ಬಿದ್ದು ಬಂದ ಮೇಲೆ, ತಲೆಯೊಳಗಿನ ಹಾರ್ನುಗಳೆಲ್ಲ ಸುಮ್ಮನಾಗುವ ತನಕ ಬೇಗಂಪೇಟೆ ಸ್ಟೇಷನ್ನಿನ ಹಿಂದಿನ ತಮ್ಮ ಗಲ್ಲಿಯಲ್ಲಿ ಅತ್ತಿಂದಿತ್ತ ನಡೆದಳು. ಒಂಬತ್ತಾಯಿತೆಂದರೆ ಮೊಬೈಲು ಅಡುಗೆಮನೆಗೆ, ದೀಪ ಬಂದ್. ನೆಂಟರ ಮದುವೆಗಳಿಗೆ ಹಗಲು ಹೋಗಿ ಅಕ್ಕಿಕಾಳು ಹಾಕಿ ಬಂದಳೇ ಹೊರತು ರಾತ್ರಿ ನಿಲ್ಲಲಿಲ್ಲ. "ಆಕಿಗೆ ಭಾಳ ಸೊಕ್ಕು ಬಂದೈತಿ" ಎಂದು ಅವರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಬಿಟ್ಟಳು.

ಮೈ ಉರಿಯುತ್ತಿದ್ದದ್ದು ಗುಳಿಗೆ ಕೊಡುವ ಹೊತ್ತಿಗೆ. ಹೋದ ವರ್ಷ ಆಸ್ಪತ್ರೆಯಿಂದ ಬಂದ ದಿನ ವಿಜಯಕುಮಾರ ಗುಳಿಗೆಯ ಪೊಟ್ಟಣವನ್ನು ಅವಳ ಕೈಗೆ ಕೊಡದೆ ತನ್ನ ಅವ್ವನ ಕೈಗೆ ಕೊಟ್ಟಿದ್ದ. ಅದೂ ಏನೆಂದು ಹೇಳಿ? "ನಿದ್ದಿ ಗುಳಿಗಿ ಅವ್ವಾ. ಆಕಿಗೆ ನಿದ್ದಿ ಬರಂಗಿಲ್ಲಲ್ಲ, ಅದಕ್ಕ ಸಿಟ್ಟಿಗೇಳ್ತಾಳ." ಹುಚ್ಚು ಎಂಬ ಮಾತು ತನ್ನ ಹೊಸ್ತಿಲು ದಾಟಬಾರದೆಂದು ಅವನು ಆ ಸುಳ್ಳು ಹೇಳಿದ. ಅಂದಿನಿಂದ, ಕೋಠಿಯಲ್ಲಿ ಇಡೀ ಕೌಂಟರನ್ನು ಒಬ್ಬಳೇ ನಿಭಾಯಿಸುವ ಹೆಂಗಸು, ಮಲಗುವ ಮುಂಚೆ ಕತ್ತಲೆಯಲ್ಲಿ ಮಂಚದ ಮೇಲೆ ಕೂತು ಅತ್ತೆಯೆದುರು ಅಂಗೈ ಚಾಚಬೇಕಾಯಿತು. ನುಂಗಿದ ಮೇಲೆ "ಬಾಯಿ ತಗಿ" ಎನ್ನುತ್ತಿದ್ದಳು ಗದಿಗೆಮ್ಮ. ಕತ್ತಲೆಯಲ್ಲಿ ಆ ಮಹಾತಾಯಿಗೆ ಬಾಯೊಳಗೆ ಏನು ಕಾಣುತ್ತಿತ್ತೋ ಶಿವನೇ ಬಲ್ಲ.

ಇಷ್ಟೆಲ್ಲ ಶುರುವಾದದ್ದು ಹೋದ ವರ್ಷದ ಶಿವರಾತ್ರಿಗೆ. ಬೀದರ್, ಹುಮನಾಬಾದ್, ಭಾಲ್ಕಿಯ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆನಿಂತ ಮಂದಿ ಕಟ್ಟಿಕೊಂಡ ಭಜನಾ ಮಂಡಳಿಯೊಂದಿದೆ. ಶಿವರಾತ್ರಿಗೆ ಅವರದು ಅಹೋರಾತ್ರಿ ಭಜನೆ. ಶಿವದೇವಿ ಪ್ರತಿವರ್ಷ ಹೋಗಿ ಒಂದೆರಡು ಪದ ಹಾಡಿ ಬರುವವಳು. ಆ ವರ್ಷ ಮಾತ್ರ ಸಂಜೆ ಹಿಡಿದ ಮೈಕನ್ನು ಬೆಳಗಿನವರೆಗೆ ಬಿಡಲಿಲ್ಲ. ತಬಲಾದವರು ಬದಲಾದರು, ಹಾರ್ಮೋನಿಯಂ ಪೇಟಿಯವನು ಗೋಡೆಗೊರಗಿ ನಿದ್ದೆಹೋದ, ಇವಳ ಕೊರಳು ಮಾತ್ರ ಏರುತ್ತಲೇ ಹೋಯಿತು. ಹೆಂಗಸರು ಕಾಲಿಗೆ ಬಿದ್ದರು. ಮಂಡಳಿಯ ಅಧ್ಯಕ್ಷ ಅಮರೇಶಪ್ಪ ಕಣ್ಣೊರೆಸಿಕೊಳ್ಳುತ್ತ, ಸಾಕ್ಷಾತ್ ಸರಸ್ವತಿ ಎಂದ. ಆಗ ಅವಳು ನಿದ್ದೆ ಮಾಡದೆ ಒಂದು ವಾರವಾಗಿತ್ತು ಎನ್ನುವುದು ಸರಸ್ವತಿಯ ಭಕ್ತರಾರಿಗೂ ಗೊತ್ತಿರಲಿಲ್ಲ.

ಅದಾದ ಕೆಲವೇ ದಿನಕ್ಕೆ ಅವಳು ಅಂಗಡಿಯ ಬ್ಲೌಸ್ ಪೀಸುಗಳ ಗಂಟು ಬಿಚ್ಚಿ, ಬಣ್ಣಗಳಿಗೆ ಬಿಡುಗಡೆ ಕೊಡುತ್ತೇನೆಂದು ಕೋಠಿಯ ನಡುರಸ್ತೆಯಲ್ಲಿ ಹೋಗಿಬರುವವರ ಹೆಗಲಿಗೆಲ್ಲ ಹೊದಿಸತೊಡಗಿದಳು. ಬಸ್ಸು ಆಟೋಗಳು ನಿಂತವು. ಜನ ನಕ್ಕರು, ಮೊಬೈಲು ಹಿಡಿದರು. ಶಂಶಾಬಾದಿನ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ ಮಾಡುವ ವಿಜಯಕುಮಾರ ಓಡೋಡಿ ಬಂದು ಅವಳನ್ನು ಆಸ್ಪತ್ರೆಗೆಂದು ಆಟೋದೊಳಗೆ ತಳ್ಳಿದಾಗ ಅವನ ಮುಂಗೈಯನ್ನು ಕಚ್ಚಿಬಿಟ್ಟಳು. ಆ ಬೇಸಿಗೆ ಪೂರ್ತಿ ಅವನು ತುಂಬುತೋಳಿನ ಅಂಗಿ ಹಾಕಿಕೊಂಡು ಓಡಾಡಿದ. ಮಂಡಳಿಯವರಿಗೂ ಅವ್ವನಿಗೂ ಟೈಫಾಯ್ಡ್ ಎಂದು ಹೇಳಿದ. ಟೈಫಾಯ್ಡಿಗೆ ಹೆಸರಿದೆ, ಮರ್ಯಾದೆಯಿದೆ, ನೋಡಲು ಬರುವವರ ಕೈಯಲ್ಲಿ ಮೂಸಂಬಿ ಇರುತ್ತದೆ.

ಈ ವರ್ಷ ಶಿವರಾತ್ರಿ ಇನ್ನೂ ದೂರವಿರುವಾಗಲೇ ಅಮರೇಶಪ್ಪ ಮನೆಗೆ ಬಂದು, ಚಹಾ ಕುಡಿದು, ಅಚ್ಚು ಹಾಕಿಸಿದ ಕರಪತ್ರ ಮುಂದಿಟ್ಟ. ಅದರಲ್ಲಿ ದಪ್ಪ ಅಕ್ಷರದಲ್ಲಿ ಶ್ರೀಮತಿ ಶಿವದೇವಿಯವರಿಂದ ಸೂರ್ಯೋದಯದವರೆಗೆ ಭಜನಾಸೇವೆ ಎಂದಿತ್ತು.

"ನಾ ಎಂಟರ ತನಕ ಹಾಡ್ತೀನ್ರಿ ಕಾಕಾ. ಆಮ್ಯಾಲೆ ಮನಿಗೆ ಬಂದು ಮಲಗಬೇಕು," ಎಂದಳು ಶಿವದೇವಿ.

"ಜಾಗರಣಿ ದಿನ ಮಲಗೋದೇನವಾ ತಂಗಿ!" ಅಮರೇಶಪ್ಪ ನಕ್ಕ. "ಹೋದ ವರ್ಷ ತಬಲಾದವರ ಕೈ ಸೋತವು, ನಿನ್ನ ದನಿ ಸೋಲಲಿಲ್ಲ."

"ಹೋದ ವರ್ಷ ನನಗ ಆರಾಮ ಇರಲಿಲ್ಲರಿ."

"ಆರಾಮ ಇಲ್ಲದಾಗ ಹಂಗ ಹಾಡಿದಿ. ಈಗ ಆರಾಮ ಆಗೀದಿ, ಇನ್ನ ಕೇಳಬೇಕೇನು!"

ಶಿವದೇವಿಗೆ ರಕ್ತ ತಲೆಗೇರಿತು. "ನನ್ನ ಹೆಸರು ನನ್ನ ಕೇಳದ ಹೆಂಗ ಛಾಪಿಸಿದ್ರಿ? ನಿಮಗ ಹಾಡು ಬೇಕು. ಹಾಡಿದ ಮ್ಯಾಲೆ ನನಗೇನಾತು ಅನ್ನೋದು ಯಾರಿಗೂ ಬ್ಯಾಡ."

ಅವಳ ದನಿ ಏರಿತ್ತು, ಅಷ್ಟೆ. ವಿಜಯಕುಮಾರ ತಕ್ಷಣ ಅವಳ ಕಿವಿಯ ಬಳಿ ಬಗ್ಗಿ, "ಗುಳಿಗಿ ತಗೊಂಡೀಯೇನು?" ಎಂದ. ಅದು ಅಮರೇಶಪ್ಪನಿಗೆ ಕೇಳಿಸಿತು. "ಏನ್ ಗುಳಿಗಿ?" ಎಂದು ಅವನು ಹುಬ್ಬೇರಿಸಿದ.

"ಗ್ಯಾಸಿಂದರಿ," ಎಂದ ವಿಜಯಕುಮಾರ, ಕಣ್ಣು ಮಿಟುಕಿಸದೆ.

ಬಾಗಿಲಲ್ಲಿ ನಿಂತಿದ್ದ ಗದಿಗೆಮ್ಮನ ಮುಖ ಬಾಡಿತು. ಸೊಸೆಯ ಹಾಡು ಅವಳ ಪಾಲಿಗೆ ಬದುಕಿನಲ್ಲಿ ಸಿಕ್ಕ ಒಂದೇ ದೊಡ್ಡ ಗೌರವವಾಗಿತ್ತು. ಹುಮನಾಬಾದಿನಿಂದ ಬಂದು ಇಷ್ಟು ವರ್ಷವಾದರೂ ತೆಲುಗು ನಾಲಿಗೆಗೆ ಹತ್ತದೆ ನಾಲ್ಕು ಗೋಡೆಯೊಳಗೇ ಉಳಿದವಳನ್ನು, ಆ ರಾತ್ರಿಯ ನಂತರ ಮಂಡಳಿಯ ಹೆಂಗಸರು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅದನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಶಿವರಾತ್ರಿ ಹತ್ತಿರ ಬರುತ್ತಿದ್ದ ಹಾಗೆ ಶಿವದೇವಿಯ ನಿದ್ದೆ ಒಡೆಯತೊಡಗಿತು. ಮೊದಲು ಕೋಳಿನಿದ್ದೆ. ಆಮೇಲೆ ನಸುಕಿಗೆ ಇನ್ನೂ ಬಹಳ ಹೊತ್ತಿರುವಾಗಲೇ ಕಣ್ಣು ತೆರೆದುಕೊಂಡು, ಮತ್ತೆ ಮುಚ್ಚಲು ಒಪ್ಪದಾದವು. ಅವಳಿಗೆ ಹೆದರಿಕೆಯಾಯಿತು. ತಾನೇ ಎಲ್ಲಿ ತಪ್ಪಿದೆ ಎಂದು ಹುಡುಕಿದಳು. ಮಧ್ಯಾಹ್ನದ ಚಹಾವನ್ನೂ ಬಿಟ್ಟಳು. ಒಂಬತ್ತಕ್ಕಿಂತಲೂ ಮುಂಚೆ ಮಲಗತೊಡಗಿದಳು. ಗುಳಿಗೆಗಂತೂ ದಿನಾ ಅಂಗೈ ಚಾಚುತ್ತಿದ್ದಳು, ನುಂಗುತ್ತಿದ್ದಳು, ಬಾಯಿ ತೆರೆದು ತೋರಿಸುತ್ತಿದ್ದಳು. ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರೂ ಹಾಳು ಕಾಯಿಲೆ ಹಿಂತಿರುಗುವುದಾದರೆ ಇಷ್ಟೆಲ್ಲ ಮಾಡಿದ್ದು ಯಾವ ಸುಖಕ್ಕೆ ಎಂದು ದೇವರ ಮೇಲೂ ಸಿಟ್ಟಾದಳು.

"ನಿದ್ದಿ ಬರವಲ್ದು," ಎಂದು ಗಂಡನಿಗೆ ಹೇಳಿದಳು. ಟೆನ್ಷನ್ ತಗೋಬೇಡ ಎಂದ ಅವನು, ಟೆನ್ಷನ್ ಎನ್ನುವುದು ತಟ್ಟೆಯಲ್ಲಿಟ್ಟು ಕೊಡುವ ವಸ್ತು ಎಂಬ ಹಾಗೆ. ಗದಿಗೆಮ್ಮ ಮಾತ್ರ ಮುಖವರಳಿಸಿ, "ಶಿವನಽ ಎಬ್ಬಸಾಕತ್ತಾನವಾ. ಹೋದ ವರ್ಷಾನೂ ಹಿಂಗಽ ಆಗಿತ್ತಲ್ಲ," ಎಂದಳು.

ಶಿವರಾತ್ರಿಯ ದಿನ ಅಂಗಡಿ ಅರ್ಧ ದಿನ ತೆರೆದಿತ್ತು. ಅದು ಮ್ಯಾಚಿಂಗ್ ಸೆಂಟರು. ಸೀರೆ ತಂದವರಿಗೆ ಅದರ ಬಣ್ಣಕ್ಕೆ ಕೂಡುವ ಬ್ಲೌಸ್ ಪೀಸು ಹುಡುಕಿಕೊಡುವುದು, ಬೇಕೆಂದವರ ಸೀರೆಗೆ ಅಲ್ಲೇ ಫಾಲ್ಸ್ ಹಚ್ಚಿಕೊಡುವುದು ಶಿವದೇವಿಯ ಕೆಲಸ. ಲಿಥಿಯಂ ತೆಗೆದುಕೊಳ್ಳತೊಡಗಿದ ಮೇಲೆ ಅವಳ ಬೆರಳುಗಳಲ್ಲಿ ಸಣ್ಣ ನಡುಕ ಸೇರಿಕೊಂಡಿತ್ತು. ಸೂಜಿಗೆ ದಾರ ಪೋಣಿಸುವುದೇ ಒಂದು ಜಗಳ. ಎಷ್ಟೋ ಸಲ ಬೈದುಕೊಂಡು ಪಕ್ಕದ ಹುಡುಗಿಯ ಕೈಗೆ ಕೊಟ್ಟುಬಿಡುತ್ತಿದ್ದಳು. ಆ ಬೆಳಿಗ್ಗೆ ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು.

"ಅರೆ, ಏನಿದು ಶಿವದೇವಿ, ಕೈ ನಡಗವಲ್ದಲ್ಲ!" ಎಂದ ಮಾಲೀಕ ಅಂಬಾದಾಸ, ಖುಷಿಯಿಂದ. "ಅಶಕ್ತಿ ಎಲ್ಲಾ ಹೋತು ನೋಡು."

ಶಿವದೇವಿಯೂ ನಕ್ಕಳು. ಎರಡು ಹೊಲಿಗೆ ಹಾಕಿದಳು. ಮೂರನೆಯದಕ್ಕೆ ಸೂಜಿ ನಿಂತಿತು. ಅವಳು ಬೆರಳುಗಳನ್ನು ಬಿಡಿಸಿ ಕಣ್ಣೆದುರು ಹಿಡಿದಳು. ಕಲ್ಲಿನ ಹಾಗೆ ಸ್ಥಿರವಾಗಿದ್ದವು. ಕೌಂಟರಿನ ಕೆಳಗೆ ಅವಳ ನೀರಿನ ಬಾಟಲಿ ಇತ್ತು. ಲಿಥಿಯಂ ತಂದ ಬಾಯಾರಿಕೆಗೆ ಆ ಬಾಟಲಿ ಇಷ್ಟು ಹೊತ್ತಿಗೆ ಖಾಲಿಯಾಗಿ ಮತ್ತೆ ತುಂಬಬೇಕಿತ್ತು. ಅದು ಮನೆಯಿಂದ ತಂದ ಹಾಗೆಯೇ ತುಂಬಿ ಕೂತಿತ್ತು. ನಿನ್ನೆಯೂ ಹಾಗೇ ವಾಪಸು ಒಯ್ದದ್ದು ನೆನಪಾಯಿತು. ಕೈ ನಡುಗುತ್ತಿಲ್ಲ, ಬಾಯಾರುತ್ತಿಲ್ಲ, ನಿದ್ದೆಯಿಲ್ಲ. ಎದುರಿನ ಕಪಾಟಿನಲ್ಲಿ ಬಣ್ಣಗಳು ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದವು. ಆ ಹೊಳಪು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗುಳಿಗೆ ತನ್ನ ಮೈಯೊಳಗೆ ಇಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು.

ಹಾಗಾದರೆ ದಿನಾ ತಾನು ನುಂಗುತ್ತಿರುವುದೇನು? ಅವಳು ಸೀರೆಯನ್ನು ಹಾಗೇ ಬಿಟ್ಟು ಎದ್ದಳು. "ಅಕ್ಕಾ, ನಾ ಚೀರ!" ಎಂದು ಗಿರಾಕಿ ತನ್ನ ಸೀರೆಗಾಗಿ ತೆಲುಗಿನಲ್ಲಿ ಕೂಗುತ್ತಿದ್ದರೂ ತಿರುಗಿ ನೋಡದೆ ಸಿಕ್ಕ ಆಟೋ ಹತ್ತಿದಳು.

ಮನೆಯಲ್ಲಿ ವಿಜಯಕುಮಾರ ರಜೆ ಹಾಕಿ ಸ್ನಾನಕ್ಕೆ ಹೋಗಿದ್ದ. ಗದಿಗೆಮ್ಮ ಹಿಂದಿನ ಕಟ್ಟೆಯಲ್ಲಿ ಬಿಲ್ವಪತ್ರೆ ಆರಿಸುತ್ತಿದ್ದಳು. ಶಿವದೇವಿ ಚಪ್ಪಲಿಯನ್ನೂ ಕಳಚದೆ ನೇರ ದೇವರ ಜಗಲಿಗೆ ಹೋಗಿ, ವಿಭೂತಿಗಟ್ಟಿಗಳ ಹಿಂದೆ ಅತ್ತೆ ಇಡುತ್ತಿದ್ದ ತಗಡಿನ ಡಬ್ಬಿಯನ್ನು ತೆರೆದಳು. ಅವಳ ಲಿಥಿಯಂ ಗುಳಿಗೆಯ ಹೊಸ ಪಟ್ಟಿ ಮುಟ್ಟಿದ ಗುರುತೂ ಇಲ್ಲದೆ ಬೆಳ್ಳಗೆ ಕೂತಿತ್ತು. ಅದರ ಪಕ್ಕ ಗದಿಗೆಮ್ಮ ಊಟಕ್ಕೆ ಮುಂಚೆ ನುಂಗುವ ಗ್ಯಾಸಿನ ಗುಳಿಗೆಯ ಪಟ್ಟಿ ಸಾಲುಸಾಲಾಗಿ ಒಡೆದುಕೊಂಡಿತ್ತು.

"ಅತ್ತೀ!" ಆ ಕೂಗಿಗೆ ಮೇಲಿನ ಮನೆಯ ಕಿಟಕಿ ತೆರೆಯಿತು.

ಗದಿಗೆಮ್ಮ ಬಂದಳು. ಡಬ್ಬಿ ನೋಡಿದಳು. ಸಿಕ್ಕಿಬಿದ್ದವಳ ಹಾಗೆ ಬೆದರಲಿಲ್ಲ, ಅದೇ ಶಿವದೇವಿಗೆ ಇನ್ನಷ್ಟು ಉರಿಯಾಯಿತು.

"ಹೌದವಾ, ನಾ ಶಿವರಾತ್ರಿ ವ್ರತಾ ಹಿಡದ ದಿವಸದಿಂದ ನಿಲ್ಲಿಸೀನಿ. ಜಾಗರಣಿ ಮಾಡಾಕಿಗೆ ನಿದ್ದಿ ಗುಳಿಗಿ ಕೊಟ್ಟರ ಪಾಪ ಯಾರಿಗೆ? ಅದರ ಅಮಲು ಮೈಯಾಗಿಂದ ಇಳೀಬೇಕಲ್ಲ, ಅದಕ್ಕ ಹತ್ತು ದಿನ ಮೊದಲಽ ಬಿಡಿಸೀನಿ. ಅಂಗೈ ಖಾಲಿ ಬಿಟ್ಟರ ನೀ ಕೇಳ್ತಿ ಅಂತ ನನ್ನ ಗ್ಯಾಸಿನ ಗುಳಿಗಿ ಕೊಟ್ಟೀನಿ. ಅದರಿಂದ ಏನೂ ಆಗಂಗಿಲ್ಲ, ಹೊಟ್ಟಿಗೂ ಚಲೋ."

"ಹೊಟ್ಟಿಗೆ ಚಲೋ?" ಶಿವದೇವಿಯ ದನಿ ಬಿರಿಯಿತು. "ನನ್ನ ಬಾಯಿ ತಗಸಿ ನೋಡ್ತಿದ್ರಲ್ಲ, ಏನು ನೋಡ್ತಿದ್ರಿ? ನಾ ಹುಚ್ಚರ ಗತೆ ಮತ್ತ ರಸ್ತಾದಾಗ ನಿಲ್ಲಬೇಕೇನು? ಮಂದಿ ಮತ್ತ ಕಾಲು ಬೀಳಬೇಕು, ನೀವು ಮುಂದ ಕುಂಡರಬೇಕು, ಅದಕ್ಕೇನು?"

ವಿಜಯಕುಮಾರ ಒದ್ದೆ ತಲೆಯಲ್ಲೇ ಬಚ್ಚಲಿನಿಂದ ಹೊರಗೆ ಬಂದ. ಕೂಗಾಡುತ್ತಿರುವ ಹೆಂಡತಿಯನ್ನು ಕಂಡ. ಉಳಿದದ್ದೇನನ್ನೂ ಕಾಣಲಿಲ್ಲ, ಕೇಳಲಿಲ್ಲ. "ಶಿವದೇವಿ, ಸಮಾಧಾನ. ಗುಳಿಗಿ ತಗೊಂಡೀಯೇನು?" ಎಂದ.

ಶಿವದೇವಿ ಅವನತ್ತ ತಿರುಗಿದಳು.

"ಇಲ್ಲ," ಎಂದಳು ಶಿವದೇವಿ. "ತಗೊಂಡಿಲ್ಲ. ಒಂದು ವರ್ಷ ಈ ಮಾತಿಗೆ ಹೂಂ ಅಂದು ಅಂದು ಸಾಕಾಗೈತಿ. ಇವತ್ತ ಇಲ್ಲ ಅನ್ನಾಕತ್ತೀನಿ. ಯಾಕ ತಗೊಂಡಿಲ್ಲ, ನಿಮ್ಮವ್ವನ್ನ ಕೇಳ್ರಿ." ಎರಡೂ ಪಟ್ಟಿಗಳನ್ನು ಅವನ ಒದ್ದೆ ಕೈಗೆ ತುರುಕಿದಳು.

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಮುಖ ಬಿಳಿಚಿ, ಆಮೇಲೆ ಕೆಂಪೇರಿತು. "ಅವ್ವಾ, ನಿನಗ ಬುದ್ಧಿ ಐತೇನು? ಆಕಿನ್ನ ಕೊಲ್ಲಾಕ ನಿಂತೀಯೇನು?" ಎಂದು ಅಬ್ಬರಿಸಿ ಬಾಗಿಲಿಗೆ ಗುದ್ದಿದ. ಗೂಟದಲ್ಲಿದ್ದ ಕನ್ನಡಿ ಬಿದ್ದು ಒಡೆಯಿತು. ಗದಿಗೆಮ್ಮ ಕೈಯಲ್ಲಿದ್ದ ಪತ್ರೆಯೊಂದಿಗೆ ಗೋಡೆಗೆ ಸರಿದಳು. ಮಗನ ಈ ದನಿಯನ್ನು ಅವಳು ಎಂದೂ ಕೇಳಿರಲಿಲ್ಲ.

ಶಿವದೇವಿ ಅವನ ಹತ್ತಿರ ಹೋಗಿ, ಅವನು ಇಷ್ಟು ದಿನ ಬಗ್ಗುತ್ತಿದ್ದ ಹಾಗೆಯೇ ಅವನ ಕಿವಿಯ ಬಳಿ ಬಗ್ಗಿದಳು.

"ನಿಮಗ ಭಾಳ ಸಿಟ್ಟು ಬಂದೈತಿ. ಗುಳಿಗಿ ತಗೊಂಡೀರೇನು?"

ವಿಜಯಕುಮಾರ ಹಿಂದೆ ಸರಿದ. ಅವಳ ಮುಖ ನೋಡಿದ. ನೆಲದ ಮೇಲಿನ ಗಾಜನ್ನು ನೋಡಿದ. ಒಂದು ವರ್ಷದಿಂದ ತಾನು ಅವಳನ್ನು ಏನು ಕೇಳುತ್ತ ಬಂದಿದ್ದೆ ಎಂಬುದು ಅವನ ಮೈಗೆ ಇಳಿಯಿತು.

"ಅತ್ತೀನ್ನ ಬೈಬ್ಯಾಡ್ರಿ," ಎಂದಳು ಶಿವದೇವಿ. "ಅವರು ನಿಲ್ಲಿಸಿದ್ದು ನಿದ್ದಿ ಗುಳಿಗಿ. ನಿದ್ದಿ ಗುಳಿಗಿ ಅಂತ ಹೇಳಿದವರು ಯಾರು? ಈಗ ಹೇಳ್ರಿ, ಅದು ಏನಂತ."

"ಹಬ್ಬ ಮುಗೀಲಿ..."

"ಈಗ!"

ಅವನು ಹೇಳಿದ. ಅಮರೇಶಪ್ಪನ ಮುಂದೆ ಸುಳ್ಳು ಹೇಳುವಾಗ ನುಣ್ಣಗೆ ಹರಿದಿದ್ದ ನಾಲಿಗೆ ನಿಜ ಹೇಳುವಾಗ ತೊದಲಿತು. ಅವಳಿಗೆ ಬಂದದ್ದು ಟೈಫಾಯ್ಡ್ ಅಲ್ಲ, ಮನಸ್ಸು ಏರಿಳಿಯುವ ಜಡ್ಡು, ಆ ರಾತ್ರಿಯ ಹಾಡೂ ಆ ಜಡ್ಡಿನದೇ, ಗುಳಿಗೆ ನಿದ್ದೆಗಲ್ಲ, ಮನಸ್ಸನ್ನು ಹಿಡಿದು ನಿಲ್ಲಿಸುವುದಕ್ಕೆ. "ನಿನ್ನ ಬಿಪಿ ಗುಳಿಗಿ ಇದ್ದಂಗ ಅವ್ವಾ. ಬಿಡಂಗಿಲ್ಲ," ಎಂದ.

ಗದಿಗೆಮ್ಮ ಪತ್ರೆಯನ್ನು ನೆಲಕ್ಕೆ ಕುಕ್ಕಿದಳು. "ಹಿಂಗಂತ ಅವತ್ತಽ ಹೇಳಿದ್ರ ನಾ ಯಾಕ ಮುಟ್ಟತಿದ್ನೋ? ನಾ ಏನು ಆಕಿ ದುಷ್ಮನ್ ಏನು? ನನ್ನ ಕೈಲಿಂದ ಈ ಕೆಲಸ ಮಾಡಿಸಿದಿಯಲ್ಲೋ, ಭಾಡ್ಯಾ!" ಬೈಯುತ್ತಲೇ ಅತ್ತಳು. ಆ ಮನೆಯಲ್ಲಿ ಮೂವರಿಗೂ ಒಟ್ಟಿಗೆ ಸಿಟ್ಟು ಬಂದಿತ್ತು. ಮೊದಲ ಸಲ ಯಾರೂ ಯಾರನ್ನೂ ಸಮಾಧಾನ ಮಾಡಲಿಲ್ಲ.

ಶಿವದೇವಿ ಡಾಕ್ಟರಮ್ಮನಿಗೆ ತಾನೇ ಫೋನು ಮಾಡಿದಳು. ತಪ್ಪಿದ್ದನ್ನೆಲ್ಲ ಒಟ್ಟಿಗೆ ನುಂಗಬೇಡ, ಎಂದಿನಷ್ಟೇ ಇಂದು ತಗೋ, ನಾಳೆ ಬೆಳಿಗ್ಗೆಯೇ ಬಾ, ಇವತ್ತಿನ ನಿದ್ದೆಯನ್ನು ಮಾತ್ರ ಯಾರ ಸಲುವಾಗಿಯೂ ಬಿಡಬೇಡ ಎಂದರು ಅವರು. ನಿದ್ದೆ ಬಾರದಿದ್ದರೆ ಎಂದು ಕೇಳಿದಳು. ಕತ್ತಲೆಯಲ್ಲಿ ಸುಮ್ಮನೆ ಮಲಗಿರು, ಅದೂ ಲೆಕ್ಕಕ್ಕೆ ಬರುತ್ತದೆ ಎಂದರು. ತಗಡಿನ ಡಬ್ಬಿ ಅಂದಿನಿಂದ ಶಿವದೇವಿಯ ದಿಂಬಿನ ಪಕ್ಕಕ್ಕೆ ಬಂತು.

ಸಂಜೆ ಊರೆಲ್ಲ ಎಚ್ಚರವಿರಲು ಹೊರಟಿತ್ತು. ಗಲ್ಲಿಯ ಗುಡಿಯ ಮೈಕು ಶುರುವಾಗಿತ್ತು. ಶಿವದೇವಿ ಕಿಟಕಿ ಮುಚ್ಚಿ, ಕಿವಿಗೆ ಹತ್ತಿಯಿಟ್ಟು, ಗುಳಿಗೆಯನ್ನು ದೀಪದ ಬೆಳಕಲ್ಲಿ ಕಣ್ಣಾರೆ ನೋಡಿ ನುಂಗಿ, ಆಮೇಲೆ ದೀಪ ಆರಿಸಿದಳು. ಬಾಯಿ ತಗಿ ಎನ್ನಲು ಯಾರೂ ಬರಲಿಲ್ಲ. ನಿದ್ದೆ ಬರುತ್ತದೆಂಬ ಭರವಸೆ ಇರಲಿಲ್ಲ. ಹೋದ ವರ್ಷದಂತೆ ಆಗುವುದಿಲ್ಲ ಎನ್ನಲೂ ಯಾರಿಂದಲೂ ಆಗುತ್ತಿರಲಿಲ್ಲ.

ಪಡಸಾಲೆಯಲ್ಲಿ ವಿಜಯಕುಮಾರನ ಮೊಬೈಲು ರಿಂಗಾಯಿತು. ಯಾರದೆಂದು ಕೇಳಬೇಕಾಗಿರಲಿಲ್ಲ. ಶಿವದೇವಿ ಒಂದು ಕಿವಿಯ ಹತ್ತಿ ತೆಗೆದಳು.

"ಇಲ್ಲರಿ ಕಾಕಾ, ಬರಂಗಿಲ್ಲ. ಮಲಗ್ಯಾಳ. ಹೌದ್ರಿ, ಜಾಗರಣಿ ದಿನಾನಽ ಮಲಗ್ಯಾಳ... ಟೈಫಾಯ್ಡ್ ಅಲ್ಲರಿ. ಹೋದ ವರ್ಷಾನೂ ಟೈಫಾಯ್ಡ್ ಅಲ್ಲ. ಅದು..." ಅಲ್ಲಿಗೆ ಅವನ ದನಿ ಕುಗ್ಗಿ ಪಿಸುಮಾತಾಯಿತು.

ಶಿವದೇವಿ ಮಲಗಿದಲ್ಲಿಂದಲೇ ಕೂಗಿದಳು.

"ಜೋರಾಗಿ ಹೇಳ್ರಿ! ಕೇಳಸವಲ್ದು!"

ಹೊರಗೆ ಅವನು ಗಂಟಲು ಸರಿಮಾಡಿಕೊಂಡ. ಆಮೇಲೆ ಹೇಳಿದ, ಮೇಲಿನ ಮನೆಯವರಿಗೂ ಕೇಳುವಷ್ಟು ಜೋರಾಗಿ. ಶಿವದೇವಿ ಹತ್ತಿಯನ್ನು ಮತ್ತೆ ಕಿವಿಗಿಟ್ಟುಕೊಂಡು ಗೋಡೆಯ ಕಡೆ ಹೊರಳಿದಳು. ಸಿಟ್ಟು ಇಳಿದಿರಲಿಲ್ಲ. ಅವಳು ಗುಳಿಗೆ ನುಂಗಿದ್ದು ಅದಕ್ಕಲ್ಲ.